ಮೊದಲ ಬಾರಿ ಬುದ್ಧ ವಂದನೆ ಹೇಳುವವರಿಗೆ

ಕಳೆದ ಹುಣ್ಣಿಮೆಯ ದಿನ ವಂದನೆ ಮುಗಿಸಿ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಬಂದು ಕೇಳಿದಳು: "ಸರ್, ಬುದ್ಧರು ದೇವರಲ್ಲ ಅಂತ ನೀವೇ ಹೇಳ್ತೀರಿ. ಮತ್ತೆ ಅರ್ಧ ಗಂಟೆ ಕೈ ಮುಗಿದುಕೊಂಡು ಏನು ಬೇಡಿಕೊಂಡ್ರಿ?" ಮಳೆ ಹನಿಯೋಕೆ ಶುರುವಾಗಿತ್ತು. ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಇವತ್ತಿನ ನನ್ನ ಮಾತು ಆ ಹುಡುಗಿಗೆ. ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾಳೆ.

ಅವಳ ಪ್ರಶ್ನೆಗೆ ಉತ್ತರ ಬೇಕಾದರೆ ವಂದನೆಯ ಸಾಲುಗಳ ಕೊನೆಯನ್ನು ನೋಡಬೇಕು. ಬುದ್ಧಂ ಸರಣಂ ಗಚ್ಛಾಮಿ. ಸಿಕ್ಖಾಪದಂ ಸಮಾದಿಯಾಮಿ. ಹೂವಿನ ಗಾಥೆಗೆ, ಅಂದರೆ ಹೂವು ಇಡುವಾಗ ಹೇಳುವ ಪದ್ಯಕ್ಕೆ ಬನ್ನಿ: ಪೂಜೇಮಿ ಬುದ್ಧಂ. ಗಚ್ಛಾಮಿ, ಸಮಾದಿಯಾಮಿ, ಪೂಜೇಮಿ. ಎಲ್ಲ ಕ್ರಿಯಾಪದದ ಬಾಲದಲ್ಲೂ ಒಂದು 'ಮಿ' ಇದೆ. ಕನ್ನಡದ 'ಏನೆ' ಮಾಡುವ ಕೆಲಸವನ್ನೇ ವಂದನೆಯ ಭಾಷೆಯಾದ ಪಾಲಿಯಲ್ಲಿ ಈ 'ಮಿ' ಮಾಡುತ್ತದೆ. ಹೋಗುತ್ತೇನೆ, ಕೈಗೊಳ್ಳುತ್ತೇನೆ, ಪೂಜಿಸುತ್ತೇನೆ. ಮಾಡುವವನು ನಾನು. ಬುದ್ಧ, ಧಮ್ಮ, ಸಂಘಕ್ಕೆ ಸರಣ ಹೋಗುವ ತ್ರಿಸರಣ, ಐದು ಶೀಲಗಳ ಪಂಚಶೀಲ, ಇವನ್ನು ಪೂರ್ತಿ ಹುಡುಕಿದರೂ 'ಕೊಡು' ಅನ್ನುವ ಪದ ಸಿಗುವುದಿಲ್ಲ. 'ಕಾಪಾಡು' ಅನ್ನುವುದೂ ಇಲ್ಲ. ಮುಂದೆ ನೀವು ಕಲಿಯುವ ಗಾಥೆಗಳಲ್ಲಿ 'ಹೋತು', 'ಹೊಂತು' ಅಂತ ಬರುತ್ತದೆ. ಆಗಲಿ ಅಂತ ಅರ್ಥ. ಅದು ಹಾರೈಕೆ. ಆದರೆ ಬುಡದಲ್ಲಿ ಇರುವುದು ಈ 'ಮಿ'. ನನ್ನ ಬಾಯಿಂದ ನಾನೇ ಕೊಡುವ ಮಾತು.

ಬೇಡಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಬುದ್ಧರ ಉಪದೇಶಗಳ ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿ ಒಂದು ಪ್ರಸಂಗ ಇದೆ. ನಾಲಂದಾದ ಮಾವಿನ ತೋಪಿನಲ್ಲಿ ಅಸಿಬಂಧಕಪುತ್ತ ಎಂಬ ಊರ ಮುಖಂಡ ಬುದ್ಧರ ಹತ್ತಿರ ಬರುತ್ತಾನೆ. ಮಂತ್ರ ಹೇಳಿ ಸತ್ತವರನ್ನು ಸ್ವರ್ಗಕ್ಕೆ ಕಳಿಸುವವರು ಇದ್ದಾರಂತೆ, ನೀವೂ ಕಳಿಸಬಲ್ಲಿರಾ ಅಂತ ಕೇಳುತ್ತಾನೆ. ಬುದ್ಧರು ತಿರುಗಿ ಅವನನ್ನೇ ಕೇಳುತ್ತಾರೆ. ಆಳವಾದ ಮಡುವಿಗೆ ಒಬ್ಬ ದೊಡ್ಡ ಕಲ್ಲು ಎತ್ತಿ ಹಾಕಿದ ಅಂದುಕೋ. ಊರ ಜನವೆಲ್ಲ ಸೇರಿ ಕೈ ಮುಗಿದು, ಸುತ್ತು ಬಂದು, ಕಲ್ಲೇ ಮೇಲೆ ಬಾ, ಕಲ್ಲೇ ತೇಲು ಅಂತ ಪ್ರಾರ್ಥನೆ ಮಾಡಿದರೆ ಅದು ತೇಲುತ್ತದಾ? ಇಲ್ಲ ಅನ್ನುತ್ತಾನೆ ಅವನು. ಸರಿ, ಇನ್ನೊಬ್ಬ ತುಪ್ಪದ ಗಡಿಗೆಯನ್ನು ನೀರಿನೊಳಗೆ ಒಡೆದ. ಗಡಿಗೆಯ ಚೂರು ಕೆಳಗೆ ಹೋಯಿತು, ತುಪ್ಪ ಮೇಲೆ ಬಂತು. ಈಗ ಜನ ಸೇರಿ ತುಪ್ಪವೇ ಮುಳುಗು ಅಂದರೆ ಮುಳುಗುತ್ತದಾ? ಅದೂ ಇಲ್ಲ. ಬದುಕಿದ ರೀತಿ ಕಲ್ಲಿನ ಹಾಗಿದ್ದರೆ ಯಾರ ಪ್ರಾರ್ಥನೆಯೂ ತೇಲಿಸುವುದಿಲ್ಲ. ತುಪ್ಪದ ಹಾಗಿದ್ದರೆ ಯಾರ ಶಾಪವೂ ಮುಳುಗಿಸುವುದಿಲ್ಲ. ವಂದನೆ ಕಲಿಯಲು ಬರುವವರಿಗೆ ನಾನು ಮೊದಲು ಹೇಳುವ ಕತೆ ಇದು. ಇದು ತಿಳಿಯದೆ ಬಾಯಿಪಾಠ ಮಾಡಿದರೆ ಒಂದು ದಿನ ನಿರಾಸೆ ಆಗುತ್ತದೆ. ಇಷ್ಟು ದಿನ ಹೇಳಿದೆ, ಏನೂ ಸಿಗಲಿಲ್ಲ ಅಂತ ಬಿಟ್ಟುಬಿಡುತ್ತಾರೆ. ಹಾಗೆ ಬಿಟ್ಟವರನ್ನು ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ಸಾಲುಗಳಿಗೆ ಬರೋಣ.

ನಮೋ ತಸ್ಸ ಭಗವತೋ ಅರಹತೋ ಸಮ್ಮಾಸಂಬುದ್ಧಸ್ಸ. ಆ ಭಗವಂತನಿಗೆ, ಆಸೆ ದ್ವೇಷ ಮೋಹ ಕಳೆದುಕೊಂಡ ಅರಹಂತನಿಗೆ, ಸರಿಯಾಗಿ ತಾನೇ ಅರಿತವನಿಗೆ ನಮಸ್ಕಾರ. ಇದನ್ನು ಮೂರು ಸಲ ಹೇಳುತ್ತೇವೆ. ಆಮೇಲೆ ಬುದ್ಧ, ಧಮ್ಮ, ಸಂಘ. ಅದನ್ನೂ ಮೂರು ಸುತ್ತು. ದುತಿಯಂಪಿ ಅಂದರೆ ಎರಡನೇ ಸಲವೂ. ತತಿಯಂಪಿ ಅಂದರೆ ಮೂರನೇ ಸಲವೂ. ಯಾಕೆ ಮೂರು ಅಂತ ತುಂಬ ಜನ ಕೇಳುತ್ತಾರೆ. ಸಂಘದಲ್ಲಿ ಮುಖ್ಯವಾದ ಮಾತನ್ನು ಮೂರು ಸಲ ಹೇಳಿ ಖಚಿತ ಮಾಡುವ ಪದ್ಧತಿ ಮೊದಲಿಂದ ಇದೆ. ನನ್ನ ಅನುಭವದ ಕಾರಣ ಇನ್ನೂ ಸರಳ. ಮೊದಲ ಸಲ ಹೇಳುವಾಗ ಮನಸ್ಸು ಇನ್ನೂ ಗಾಡಿ ನಿಲ್ಲಿಸಿದ ಜಾಗದಲ್ಲೇ ಇರುತ್ತದೆ. ಲಾಕ್ ಹಾಕಿದೆನಾ ಇಲ್ಲವಾ ಅಂತ ಯೋಚನೆ. ಮೂರನೇ ಸುತ್ತಿಗೆ ಅದೂ ಒಳಗೆ ಬಂದು ಕೂತಿರುತ್ತದೆ.

ಇಲ್ಲೊಂದು ಸಣ್ಣ ತಿದ್ದುಪಡಿ. ನಾವು ಕನ್ನಡಿಗರು 'ಬುದ್ಧಂ ಶರಣಂ ಗಚ್ಛಾಮಿ' ಅನ್ನುತ್ತೇವೆ. ಗೋಡೆಗಳ ಮೇಲೂ ಹಾಗೇ ಬರೆದಿರುತ್ತಾರೆ. ಪಾಲಿಯಲ್ಲಿ ಶ ಇಲ್ಲ, ಷ ಇಲ್ಲ. ಇರುವುದು ಸ ಒಂದೇ. ಹಾಗಾಗಿ ಸರಣಂ. ಶರಣಂ ಅಂದರೆ ತಪ್ಪು ಮಾಡಿದ ಹಾಗೆ ಭಯಪಡಬೇಕಿಲ್ಲ, ಅದು ಸಂಸ್ಕೃತದ ರೂಪ. ಆದರೆ ಪಾಲಿ ಕಲಿಯುತ್ತಿದ್ದೇವೆ ಅಂದಮೇಲೆ ಪಾಲಿಯ ಹಾಗೆ ಹೇಳೋಣ. ಗಚ್ಛಾಮಿ ಅನ್ನುವುದನ್ನೂ ಗಮನಿಸಿ. ಹೋಗುತ್ತೇನೆ ಅಂತ ಅರ್ಥ. ಅಂದರೆ ಸರಣ ಹೋಗುವುದು ನಡಿಗೆಯ ಮಾತು. ಕೂತಲ್ಲೇ ಕೂತು ಆಸರೆ ತಾನಾಗಿ ಬರಲಿ ಅಂತ ಕಾಯುವುದಕ್ಕೆ ಈ ಪದ ಒಗ್ಗುವುದಿಲ್ಲ.

ಪಂಚಶೀಲದ ಒಂದು ಪದದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಪಾಣಾತಿಪಾತಾ ವೇರಮಣೀ ಸಿಕ್ಖಾಪದಂ ಸಮಾದಿಯಾಮಿ. ಪಾಣಾತಿಪಾತ ಅಂದರೆ ಜೀವ ತೆಗೆಯುವುದು. ವೇರಮಣೀ ಅಂದರೆ ದೂರ ಇರುವುದು. ಸಿಕ್ಖಾ ಅಂದರೆ ಶಿಕ್ಷಾ. ಈಗ ನಮ್ಮ ಕಿವಿಗೆ 'ಶಿಕ್ಷೆ' ಅಂದ ತಕ್ಷಣ ಜೈಲು, ದಂಡ ನೆನಪಾಗುತ್ತದೆ. ಅದೇ ಪದದಿಂದ ಶಿಕ್ಷಣ ಬಂತು, ಶಿಕ್ಷಕ ಬಂತು ಅನ್ನುವುದು ಮರೆತೇಹೋಗಿದೆ. ಸಿಕ್ಖಾಪದ ಅಂದರೆ ಕಲಿಕೆಯ ಹೆಜ್ಜೆ. ಕೊಲ್ಲಬೇಡ ಅಂತ ಮೇಲಿಂದ ಯಾರೋ ಅಪ್ಪಣೆ ಕೊಡುತ್ತಿಲ್ಲ. ಜೀವ ತೆಗೆಯದೆ ಇರುವುದನ್ನು ಕಲಿಯುತ್ತೇನೆ ಅಂತ ನಾನೇ ಹೇಳುತ್ತಿದ್ದೇನೆ. ಕದಿಯದೆ ಇರುವುದನ್ನು ಕಲಿಯುತ್ತೇನೆ. ಕಾಮದಲ್ಲಿ ದಾರಿ ತಪ್ಪದೆ ಇರುವುದನ್ನು, ಸುಳ್ಳಾಡದೆ ಇರುವುದನ್ನು, ಮೈಮರೆಸುವ ಮದ್ಯದಿಂದ ದೂರ ಇರುವುದನ್ನು ಕಲಿಯುತ್ತೇನೆ. ಕಲಿಯುವವನು ನಿನ್ನೆ ಎಡವಿರಬಹುದು. ಇವತ್ತು ಬೆಳಗ್ಗೆ ಮತ್ತೆ ಹೇಳಬಹುದು. ದಿನಾ ಹೇಳುವುದರ ಅರ್ಥವೇ ಇದು.

ಈ 'ನಾನು ಹೇಳುತ್ತಿದ್ದೇನೆ' ಅನ್ನುವುದರ ತೂಕ ಎಷ್ಟು ಅಂತ ತಿಳಿಯಬೇಕಾದರೆ ನಾಗಪುರವನ್ನು ನೆನೆಯಬೇಕು. 1956ರ ಅಕ್ಟೋಬರ್ 14, ವಿಜಯದಶಮಿ. ಕುಶಿನಗರದಲ್ಲಿದ್ದ ಹಿರಿಯ ಭಿಕ್ಖು ಚಂದ್ರಮಣಿ ಅವರ ಮುಂದೆ ಬಾಬಾಸಾಹೇಬ್ ಅಂಬೇಡ್ಕರರು ಬೌದ್ಧ ಧರ್ಮ ಸ್ವೀಕರಿಸುತ್ತ ಇದೇ ತ್ರಿಸರಣ, ಇದೇ ಪಂಚಶೀಲ ಹೇಳಿದರು. ಪಾಲಿಯಲ್ಲೂ ಹೇಳಿದರು, ಮರಾಠಿಯಲ್ಲೂ ಹೇಳಿದರು. ಆಮೇಲೆ ತಾವೇ ಎದ್ದು ನಿಂತು ಅಲ್ಲಿ ಸೇರಿದ್ದ ಲಕ್ಷಾಂತರ ಜನರಿಗೆ ಹೇಳಿಕೊಟ್ಟರು. ಜೊತೆಗೆ 22 ಪ್ರತಿಜ್ಞೆಗಳು. ಸ್ವಲ್ಪ ಯೋಚನೆ ಮಾಡಿ. ದೇವಸ್ಥಾನದ ಬಾಗಿಲಾಚೆ ನಿಲ್ಲಿಸಿದ್ದ ಜನ. ಮಂತ್ರ ಕಿವಿಗೆ ಬಿದ್ದರೂ ಅಪರಾಧ ಅನ್ನಿಸಿಕೊಂಡಿದ್ದ ಜನ. ಅವರು ಆ ದಿನ ಎದ್ದು ನಿಂತು ತಮ್ಮ ಬಾಯಿಂದ 'ನಾನು' ಅಂತ ಶುರುವಾಗುವ ಮಾತು ಹೇಳಿದರು. ನಡುವೆ ಪುರೋಹಿತರಿಲ್ಲ, ಅವರ ಪರವಾಗಿ ಯಾರೂ ಹೇಳಲಿಲ್ಲ. ನಮ್ಮ ಕಲಬುರಗಿ, ಬೀದರ ಕಡೆಯ ಎಷ್ಟೋ ಮನೆಗಳಿಗೆ ಬುದ್ಧ ವಂದನೆ ಬಂದದ್ದು ಈ ದಾರಿಯಿಂದ. ಆದ್ದರಿಂದ ಯಾರಾದರೂ ವಂದನೆಯನ್ನು ಗಡಿಬಿಡಿಯಲ್ಲಿ, ಬಸ್ಸು ತಪ್ಪುತ್ತದೆ ಅನ್ನುವ ಹಾಗೆ ಹೇಳಿ ಮುಗಿಸಿದರೆ ನನಗೆ ನಿಜವಾಗಿ ನೋವಾಗುತ್ತದೆ.

ಪಾಲಿ ಯಾಕೆ, ಕನ್ನಡದಲ್ಲೇ ಹೇಳಬಾರದಾ? ಕೇಳುವುದು ನ್ಯಾಯವೇ. ಎರಡೂ ಹೇಳಿ ಅನ್ನುತ್ತೇನೆ ನಾನು. ನಾಗಪುರದಲ್ಲಿ ಬಾಬಾಸಾಹೇಬರು ಮಾಡಿದ್ದೂ ಅದನ್ನೇ ಅಲ್ವಾ? ಪಾಲಿಯ ಸಾಲು ಒಂದು, ಅದರ ಹಿಂದೆ ಕನ್ನಡದ ಸಾಲು ಒಂದು. ಪಾಲಿಯನ್ನು ಪೂರ್ತಿ ಬಿಡುವುದು ನನಗೆ ಇಷ್ಟವಿಲ್ಲ. ಕೊಲಂಬೊದಲ್ಲಿ, ಯಾಂಗೋನಿನಲ್ಲಿ, ಬ್ಯಾಂಕಾಕಿನಲ್ಲಿ ನೀವು ವಿಹಾರದೊಳಗೆ ಹೋಗಿ ಕೂತರೆ ಅಲ್ಲಿನ ಭಾಷೆಯ ಒಂದು ಅಕ್ಷರವೂ ತಿಳಿಯದಿರಬಹುದು. ಆದರೆ 'ನಮೋ ತಸ್ಸ' ಶುರುವಾದ ಕೂಡಲೇ ನಿಮ್ಮ ತುಟಿಯೂ ಅಲ್ಲಾಡುತ್ತದೆ. ಆ ಬಂಧುತ್ವ ಕಳೆದುಕೊಳ್ಳಬಾರದು. ಅರ್ಥ ಗೊತ್ತಿಲ್ಲದೆ ಪಾಲಿ ಹೇಳುವುದನ್ನೂ ನಾನು ಒಪ್ಪುವುದಿಲ್ಲ. ವಾರಕ್ಕೆ ಒಂದು ಸಾಲು ಅರ್ಥ ಮಾಡಿಕೊಂಡರೂ ಸಾಕು.

ಸ್ವಲ್ಪ ಹಿಂದಕ್ಕೆ ಹೋಗಿ ಒಂದು ವಿಷಯ ಹೇಳಬೇಕು. ಈ ಮಾತುಗಳು ನಮ್ಮ ತನಕ ಬಂದಿರುವುದೇ ಹೇಳಿ ಹೇಳಿ. ಬುದ್ಧರ ಪರಿನಿಬ್ಬಾಣದ, ಅಂದರೆ ಅವರು ತೀರಿಕೊಂಡ ನಂತರ ಭಿಕ್ಖುಗಳು ರಾಜಗೃಹದಲ್ಲಿ ಸೇರಿದರು. ಸಂಘದ ನಿಯಮಗಳಾದ ವಿನಯವನ್ನು ಉಪಾಲಿ, ಉಪದೇಶಗಳಾದ ಧಮ್ಮವನ್ನು ಆನಂದ ನೆನಪಿನಿಂದ ಹೇಳಿದರು. ಉಳಿದವರು ಅದನ್ನು ಒಪ್ಪಿ ಒಟ್ಟಿಗೆ ಹೇಳಿದರು. ಆ ಸಭೆಯ ಹೆಸರೇ ಸಂಗೀತಿ, ಜೊತೆಯಾಗಿ ಹಾಡುವುದು. ಸುತ್ತಗಳಲ್ಲಿ, ಅಂದರೆ ಬುದ್ಧರ ಉಪದೇಶಗಳಲ್ಲಿ, ಹೆಚ್ಚಿನವು 'ಏವಂ ಮೇ ಸುತಂ' ಅಂತ ಶುರುವಾಗುತ್ತವೆ. ನಾನು ಹೀಗೆ ಕೇಳಿದ್ದೇನೆ. ನೋಡಿದ್ದೇನೆ, ಓದಿದ್ದೇನೆ ಅಂತ ಇಲ್ಲ. ಆಮೇಲೆ ಸುತ್ತಗಳನ್ನು ಬಾಯಿಪಾಠ ಮಾಡಿ ಹೇಳುವ ಭಾಣಕರು ಅಂತ ಇದ್ದರು. ದೀಘ ನಿಕಾಯ ಹೊತ್ತವರು ದೀಘ ಭಾಣಕರು, ಮಜ್ಝಿಮ ನಿಕಾಯ ಹೊತ್ತವರು ಮಜ್ಝಿಮ ಭಾಣಕರು. ಗುಂಪಾಗಿ ಹೇಳುವಾಗ ಒಬ್ಬ ತಪ್ಪಿದರೆ ಪಕ್ಕದವನಿಗೆ ತಿಳಿಯುತ್ತದೆ. ಶ್ರೀಲಂಕಾದ ಮಾತಲೆ ಹತ್ತಿರ ಅಲುವಿಹಾರದಲ್ಲಿ ಇದೆಲ್ಲ ತಾಳೆಗರಿಗೆ ಇಳಿದದ್ದು ಕ್ರಿಸ್ತಪೂರ್ವ ಒಂದನೇ ಶತಮಾನದಲ್ಲಿ. ಅಲ್ಲಿಯವರೆಗೆ ನೂರಾರು ವರ್ಷ ಇವು ಬದುಕಿದ್ದು ಗಂಟಲಲ್ಲಿ, ಕಿವಿಯಲ್ಲಿ. ಸುತ್ತಗಳಲ್ಲಿ ಅದೇ ಸಾಲು ಮತ್ತೆ ಮತ್ತೆ ಬರುತ್ತದೆ, ಬೇಜಾರು ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಕಣ್ಣಿಗೆ ಅದು ಬೇಜಾರು. ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ, ಆ ಸಾಲುಗಳೇ ನಿಮ್ಮನ್ನು ಕೈ ಹಿಡಿದು ಮುಂದಕ್ಕೆ ಕರೆದುಕೊಂಡು ಹೋಗುತ್ತವೆ.

ಉಚ್ಚಾರಣೆಗೆ ಹೆದರಬೇಡಿ. ಕನ್ನಡದವರಿಗೆ ಪಾಲಿ ಸುಲಭ. ಪಾಲಿಗೆ ತನ್ನದೇ ಆದ ಲಿಪಿ ಇಲ್ಲ. ಯಾವ ನಾಡಿಗೆ ಹೋಯಿತೋ ಆ ನಾಡಿನ ಲಿಪಿಯಲ್ಲಿ ಬರೆಸಿಕೊಂಡಿತು. ನಮ್ಮ ಲಿಪಿ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಪಾಲಿಯಲ್ಲಿ ಳ ಇದೆ. ರಾಜಗೃಹದ ಬಿದಿರು ತೋಪು ವೇಳುವನ. ನಮಗೆ ಹೊಸದಾಗಿ ಕಲಿಯಬೇಕಿಲ್ಲ. ಪಾಲಿಯ ಎ ಮತ್ತು ಒ ಸಾಮಾನ್ಯವಾಗಿ ದೀರ್ಘ. ಒತ್ತಕ್ಷರದ ಮುಂದೆ ಬಂದರೆ ಗಿಡ್ಡ ಆಗುತ್ತವೆ: ಮೆತ್ತಾ, ಸೊತ್ಥಿ. ಈ ಗಿಡ್ಡ ಉದ್ದವನ್ನು ನಾವು ಬರೆದೇ ತೋರಿಸಬಹುದು. ಇನ್ನು ಞ. ಒಂದನೇ ತರಗತಿಯಲ್ಲಿ ಚ ಛ ಜ ಝ ಞ ಅಂತ ಕೂಗಿದ ಮೇಲೆ ಆ ಅಕ್ಷರವನ್ನು ಮತ್ತೆ ಯಾರೂ ಮುಟ್ಟಿಲ್ಲ. ಪಾಲಿಯಲ್ಲಿ ಅದಕ್ಕೆ ಕೈ ತುಂಬ ಕೆಲಸ. ಪುಣ್ಯ ಇಲ್ಲಿ ಪುಞ್ಞ, ಜ್ಞಾನ ಇಲ್ಲಿ ಞಾಣ. ನಾಲಗೆಯ ನಡುಭಾಗ ಅಂಗುಳಕ್ಕೆ ತಾಗಬೇಕು. ಪುನ್ಯ ಅನ್ನುವುದಕ್ಕಿಂತ ಸ್ವಲ್ಪ ಮೆತ್ತಗೆ.

ಎರಡು ಕಡೆ ಮಾತ್ರ ನಾವು ಜಾಸ್ತಿ ಎಡವುತ್ತೇವೆ. ಒಂದು, ಮಹಾಪ್ರಾಣ. ಮಾತಾಡುವಾಗ ಬುದ್ದ, ಬಗವಂತ ಅಂದುಬಿಡುತ್ತೇವೆ. ಭ, ಧ, ಖ ಹೇಳುವಾಗ ಬಾಯಿಯ ಮುಂದೆ ಅಂಗೈ ಹಿಡಿಯಿರಿ, ಉಸಿರು ತಾಗಬೇಕು. ಇನ್ನೊಂದು, ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅನ್ನುವುದು. ಐದನೇ ಶೀಲದಲ್ಲಿ 'ಸುರಾಮೇರಯಮಜ್ಜಪಮಾದಟ್ಠಾನಾ' ಅಂತ ರೈಲಿನಷ್ಟು ಉದ್ದ ಪದ ಬರುತ್ತದೆ. ಅದನ್ನು ಬಿಡಿಸಿಕೊಳ್ಳಿ. ಸುರಾ, ಮೇರಯ, ಮಜ್ಜ, ಪಮಾದಟ್ಠಾನಾ. ಹೆಂಡ, ಮದ್ಯ, ಅಮಲು, ಮೈಮರೆವಿಗೆ ಎಡೆ ಕೊಡುವಂಥದ್ದು. ಹೀಗೆ ನಾಲ್ಕು ತುಂಡು ಮಾಡಿ ಹತ್ತು ಸಲ ಹೇಳಿ. ಆಮೇಲೆ ಒಂದೇ ಉಸಿರಿಗೆ ತಾನಾಗಿ ಬರುತ್ತದೆ.

ರಾಗದ ಬಗ್ಗೆ ಒಂದು ಮಾತು. ಸಂಗೀತ ಬಲ್ಲವರಿಗೆ ಇದು ಸ್ವಲ್ಪ ಕಷ್ಟ ಆಗಬಹುದು. ಧಮ್ಮವನ್ನು ಎಳೆದು ಎಳೆದು ಹಾಡಿನ ಹಾಗೆ ಹೇಳುವುದನ್ನು ಬುದ್ಧರು ಬೇಡ ಅಂದಿದ್ದಾರೆ. ಹೇಳುವವನು ತನ್ನ ದನಿಗೆ ತಾನೇ ಮರುಳಾಗುತ್ತಾನೆ, ಕೇಳುವವರೂ ದನಿಗೆ ಮರುಳಾಗುತ್ತಾರೆ, ಏಕಾಗ್ರತೆ ಒಡೆಯುತ್ತದೆ ಅಂತ ಕಾರಣ ಕೊಟ್ಟಿದ್ದಾರೆ. ಹಾಗಂತ ದನಿಯೇ ಬೇಡ ಅನ್ನಲಿಲ್ಲ. ಅವಂತಿಯ ಕಡೆಯಿಂದ ಸೋಣ ಎಂಬ ಭಿಕ್ಖು ದೂರ ನಡೆದು ಬುದ್ಧರಿದ್ದ ಜೇತವನಕ್ಕೆ ಬರುತ್ತಾನೆ. ರಾತ್ರಿ ಬುದ್ಧರು ಇದ್ದ ಕುಟಿಯಲ್ಲೇ ಇರಲು ಅವನಿಗೆ ಜಾಗ ಸಿಗುತ್ತದೆ. ಬೆಳಗಿನ ಜಾವ ಬುದ್ಧರೇ ಅವನಿಗೆ ಹೇಳುತ್ತಾರೆ, ಭಿಕ್ಖು, ನಿನಗೆ ತೋಚಿದ ಧಮ್ಮ ಹೇಳು. ಸೋಣ ಅಟ್ಠಕವಗ್ಗ ಎಂಬ ಅಧ್ಯಾಯದ ಹದಿನಾರು ಸುತ್ತಗಳನ್ನೂ ಹೇಳುತ್ತಾನೆ. ಬುದ್ಧರು ಸಾಧು ಸಾಧು ಅನ್ನುತ್ತಾರೆ. ಚೆನ್ನಾಗಿ ಕಲಿತಿದ್ದೀಯ, ನಿನ್ನ ಮಾತು ಸ್ಪಷ್ಟವಾಗಿದೆ, ಅರ್ಥ ತಿಳಿಯುವ ಹಾಗಿದೆ ಅಂತ ಮೆಚ್ಚುತ್ತಾರೆ. ತಾವೇ ಹೇಳಿದ ಮಾತನ್ನು ಹೊಸಬನ ಬಾಯಿಂದ ಕೇಳಲು ಬುದ್ಧರು ಕತ್ತಲಲ್ಲಿ ಕೂತಿದ್ದಾರೆ. ಈ ಚಿತ್ರ ನನಗೆ ತುಂಬ ಪ್ರಿಯ. ಅವರು ಮೆಚ್ಚಿದ್ದು ಆ ಸ್ಪಷ್ಟತೆಯನ್ನು. ನಿಮ್ಮ ದನಿ ಒರಟಾಗಿದ್ದರೂ ಪರವಾಗಿಲ್ಲ, ಅಕ್ಷರ ಬಿಡಿಬಿಡಿಯಾಗಿ ಕೇಳಲಿ.

ಇನ್ನು ಹೂವು, ದೀಪ, ಊದಿನಕಡ್ಡಿ. ಬುದ್ಧರಿಗೆ ಹೂವು ಯಾಕೆ, ಇದು ಮತ್ತೆ ಹಳೇ ಪೂಜೆಯೇ ಆಯಿತಲ್ಲ ಅಂತ ನಮ್ಮ ಹುಡುಗರು ಕೇಳುತ್ತಾರೆ. ಹೂವಿನ ಗಾಥೆ ಕೊನೆಯವರೆಗೆ ಕೇಳಿದರೆ ಆ ಅನುಮಾನ ಇರುವುದಿಲ್ಲ. 'ಪುಪ್ಫಂ ಮಿಲಾಯಾತಿ ಯಥಾ ಇದಂ ಮೇ, ಕಾಯೋ ತಥಾ ಯಾತಿ ವಿನಾಸಭಾವಂ.' ನನ್ನ ಈ ಹೂವು ಹೇಗೆ ಬಾಡುತ್ತದೋ ಹಾಗೆ ಈ ದೇಹವೂ ಅಳಿಯುತ್ತದೆ.

ನಮ್ಮ ಅವ್ವನಿಗೆ ಓದು ಬರಹ ಇರಲಿಲ್ಲ. ವಂದನೆ ಪೂರ್ತಿ ಕಿವಿಯಿಂದಲೇ ಕಲಿತಿದ್ದಳು. ಬೆಳಗ್ಗೆ ಒಲೆ ಹಚ್ಚಿ ನೀರಿಟ್ಟು, ಗೋಡೆಯ ಗೂಡಿನಲ್ಲಿದ್ದ ಬುದ್ಧರ ಫೋಟೋ ಮುಂದೆ ಕೂರುತ್ತಿದ್ದಳು. ಹಿತ್ತಲಿನ ಸೇವಂತಿಗೆ ಒಂದು ಇಡುತ್ತಿದ್ದಳು. ಆದರೆ ಈ ಗಾಥೆ ಬಂದಾಗ ಅವಳ ಅಂಗೈಯಲ್ಲಿ ಇರುತ್ತಿದ್ದದ್ದು ಹಿಂದಿನ ದಿನದ ಹೂವು. ಅಂಚು ಕಂದಿ, ಎಸಳು ಒಳಕ್ಕೆ ಮಡಚಿಕೊಂಡಿರುತ್ತಿತ್ತು. ತೊಟ್ಟಿನ ಹತ್ತಿರ ಮಾತ್ರ ಇನ್ನೂ ಹಳದಿ. ಅದನ್ನೇ ನೋಡುತ್ತ ಹೇಳುತ್ತಿದ್ದಳು. ಹೊಸ ಹೂ ಇಟ್ಟು ಹಳೇದನ್ನ ಯಾಕೆ ಹಿಡ್ಕೋತಿ ಅಂತ ಒಮ್ಮೆ ಕೇಳಿದೆ. "ಇದನ್ನ ನೋಡ್ಕೋತ ಅನ್ನಬೇಕು ತಮ್ಮಾ. ಹೊಸ ಹೂವಿನ ಮುಂದ ಕುಂತು ಬಾಡ್ತದ ಅಂದ್ರ ಮನಸ್ಸು ನಂಬಂಗಿಲ್ಲ" ಅಂದಳು. ಹೇಳಿ ಮುಗಿದ ಮೇಲೆ ಆ ಹೂವನ್ನು ತುಳಸಿ ಬುಡದ ಮಣ್ಣಿಗೆ ಹಾಕುತ್ತಿದ್ದಳು. ಪಾಲಿಯ ಎಷ್ಟೋ ವ್ಯಾಖ್ಯಾನ ಆಮೇಲೆ ಓದಿದ್ದೇನೆ. ಆ ಗಾಥೆ ನನಗೆ ತಿಳಿದದ್ದು ಆ ಬೆಳಗ್ಗೆ.

ಕಾಯಿಲೆ ಬಿದ್ದವರ ಮುಂದೆ ಪರಿತ್ತ, ಅಂದರೆ ರಕ್ಷಣೆಗಾಗಿ ಹೇಳುವ ಸುತ್ತ, ಹೇಳುವುದು ಮೂಢನಂಬಿಕೆ ಅಲ್ಲವಾ ಅಂತ ಕೂಡ ಕೇಳುತ್ತಾರೆ. ವೇಳುವನದಲ್ಲಿ ಬುದ್ಧರೇ ಒಮ್ಮೆ ಜೋರಾಗಿ ಕಾಯಿಲೆ ಬಿದ್ದಿದ್ದರು. ನೋಡಲು ಬಂದ ಮಹಾಚುಂದನಿಗೆ, ಬೊಜ್ಝಂಗಗಳನ್ನು ಹೇಳು ಅಂದರು. ಅರಿವಿಗೆ ಬೇಕಾದ ಏಳು ಅಂಗಗಳು: ಸತಿಯಿಂದ ಉಪೇಕ್ಖಾವರೆಗೆ, ಎಚ್ಚರದಿಂದ ಸಮಚಿತ್ತದವರೆಗೆ. ಚುಂದ ಹೇಳಿದ. ಬುದ್ಧರು ಆ ಕಾಯಿಲೆಯಿಂದ ಚೇತರಿಸಿಕೊಂಡರು ಅಂತ ಸುತ್ತ ಹೇಳುತ್ತದೆ. ಅವರಿಗೆ ಗೊತ್ತಿಲ್ಲದ್ದು ಅದರಲ್ಲಿ ಏನಿತ್ತು? ಏನೂ ಇಲ್ಲ. ನರಳುವ ಹೊತ್ತಿನಲ್ಲಿ ನಮಗೆ ಗೊತ್ತಿರುವುದನ್ನೇ ಇನ್ನೊಬ್ಬರು ನೆನಪಿಸಬೇಕಾಗುತ್ತದೆ. ಆಸ್ಪತ್ರೆಯ ಮಂಚದ ಪಕ್ಕ ಕೂತು ಮೆತ್ತಗೆ ಬೊಜ್ಝಂಗ ಹೇಳಿದಾಗ ರೋಗಿಯ ಬಿಗಿ ಹಿಡಿದ ಮುಷ್ಟಿ ಸಡಿಲ ಆಗುವುದನ್ನು ನಾನು ಕಂಡಿದ್ದೇನೆ. ಮಾತ್ರೆ ಬಿಡಿಸಬೇಡಿ, ಡಾಕ್ಟರು ಹೇಳಿದ್ದನ್ನು ತಪ್ಪಿಸಬೇಡಿ. ಅದರ ಜೊತೆಗೆ ಇದೂ ಇರಲಿ. ಕೈಗೆ ಕಟ್ಟುವ ಪರಿತ್ತದ ದಾರವೂ ಹಾಗೇ. ಕೇಳಿದ ಮಾತು ಮರೆಯದಿರಲಿ ಅಂತ ಇರುವ ಗುರುತು.

ನಾನು ಇಷ್ಟು ಹೊತ್ತು ಹೇಳಿದ್ದು ಥೇರವಾದ ಪಂಥದ ಪಾಲಿ ವಂದನೆಯ ಬಗ್ಗೆ. ಬೈಲಕುಪ್ಪೆಗೋ ಮುಂಡಗೋಡಿಗೋ ಹೋದರೆ ಬೇರೆಯೇ ಲೋಕ. ಉದ್ದನೆಯ ಕಹಳೆ, ದೊಡ್ಡ ನಗಾರಿ, ಹೊಟ್ಟೆಯ ಆಳದಿಂದ ಬರುವ ದನಿ, ಟಿಬೆಟಿಯನ್ ಭಾಷೆ. ಜಪಾನಿನ ನಿಚಿರೆನ್ ಪಂಥದವರು 'ನಮ್ ಮ್ಯೋಹೊ ರೆಂಗೆ ಕ್ಯೋ' ಅನ್ನುವುದನ್ನು ಮುಖ್ಯವಾಗಿ ಹಿಡಿದಿದ್ದಾರೆ. ಅವನ್ನೆಲ್ಲ ಗೌರವದಿಂದ ಕೇಳಿ. ಆದರೆ ಕಲಿಯುವಾಗ ಒಂದನ್ನು ಹಿಡಿದು ಕಲಿಯಿರಿ.

ಎಷ್ಟು ಹೇಳಬೇಕು, ಯಾವಾಗ ಹೇಳಬೇಕು? ಮೊದಲ ತಿಂಗಳು 'ನಮೋ ತಸ್ಸ' ಮತ್ತು ತ್ರಿಸರಣ ಸಾಕು. ಎರಡನೇ ತಿಂಗಳು ಪಂಚಶೀಲ ಸೇರಿಸಿ. ಐದು ನಿಮಿಷವೂ ಆಗುವುದಿಲ್ಲ. ನೆಲದ ಮೇಲೆ ಕೂರಲು ಆಗದಿದ್ದರೆ ಕುರ್ಚಿಯಲ್ಲಿ ಕೂತು ಹೇಳಿ. ಮೂರು ಸಲ ಹಣೆ, ಎರಡು ಕೈ, ಎರಡು ಮಂಡಿ ನೆಲಕ್ಕೆ ತಾಗಿಸಿ ನಮಸ್ಕಾರ ಮಾಡುವ ಪದ್ಧತಿ ಇದೆ. ಮಂಡಿ ನೋವಿರುವವರು ಕೈ ಮುಗಿದರೆ ಸಾಕು. ಮೈತ್ರಿಯ ಬಗ್ಗೆ ಹೇಳುವ ಮೆತ್ತ ಸುತ್ತದಲ್ಲೇ ಇದೆ: ನಿಂತಿರಲಿ, ನಡೆಯುತ್ತಿರಲಿ, ಕೂತಿರಲಿ, ಮಲಗಿರಲಿ, ಎಚ್ಚರ ಇರುವಷ್ಟು ಹೊತ್ತು ಈ ನೆನಪು ಇರಲಿ. ಫೋನಿನಲ್ಲಿ ಹಾಕಿಕೊಂಡು ಕೇಳುವುದು ಕಲಿಯಲು ಒಳ್ಳೆಯದು. ಆದರೆ ಫೋನು ಹೇಳಿ ನೀವು ಸುಮ್ನೆ ಇದ್ದರೆ 'ಮಿ' ಯಾರದು?

ಶುರು ಮಾಡಿ ನಡುವೆ ಬಿಟ್ಟುಹೋಯಿತು, ಮತ್ತೆ ಹೇಳಲು ನಾಚಿಕೆ ಆಗುತ್ತದೆ ಅನ್ನುವವರು ನಮ್ಮಲ್ಲಿ ಇದ್ದಾರೆ. ಅವರು ಒಮ್ಮೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿ ಬರಬೇಕು. ಅಲ್ಲಿನ ಬಂಡೆಯ ಮೇಲೆ ಅಶೋಕ ಚಕ್ರವರ್ತಿ ಹೀಗೆ ಬರೆಸಿದ್ದಾನೆ: ನಾನು ಉಪಾಸಕನಾಗಿ, ಅಂದರೆ ಬುದ್ಧರ ಗೃಹಸ್ಥ ಅನುಯಾಯಿಯಾಗಿ, ಎರಡೂವರೆ ವರ್ಷಕ್ಕಿಂತ ಹೆಚ್ಚಾಯಿತು, ಆದರೆ ಒಂದು ವರ್ಷ ಅಷ್ಟಾಗಿ ಶ್ರಮ ಪಡಲಿಲ್ಲ. ಆಮೇಲೆ ಸಂಘದ ಹತ್ತಿರ ಹೋದೆ, ವರ್ಷಕ್ಕೂ ಹೆಚ್ಚು ಕಾಲ ಚೆನ್ನಾಗಿ ಶ್ರಮ ಪಟ್ಟೆ. ಇದು ದೊಡ್ಡವರಿಗೆ ಮಾತ್ರ ಅಂತ ತಿಳಿಯಬೇಡಿ, ಸಣ್ಣವರಿಗೂ ಆಗುತ್ತದೆ. ಇದೇ ಮಾತು ಮಸ್ಕಿಯಲ್ಲಿದೆ, ಕೊಪ್ಪಳದ ಗವಿಮಠದ ಬಂಡೆಯಲ್ಲೂ ಇದೆ. ಜಂಬೂದ್ವೀಪದ ಬಹುಭಾಗ ಆಳಿದವನು ತನ್ನ ಮೊದಲ ವರ್ಷದ ಆಲಸ್ಯವನ್ನು ನಮ್ಮ ನಾಡಿನ ಕಲ್ಲುಗಳ ಮೇಲೆ ಬರೆಸಿಟ್ಟಿದ್ದಾನೆ. ಎರಡು ವಾರ ತಪ್ಪಿಸಿದ ನಾವು ನಾಚಿಕೊಂಡು ದೂರ ಇರಬೇಕಾದ ಅಗತ್ಯ ಇಲ್ಲ. ಮತ್ತೆ 'ನಮೋ ತಸ್ಸ'ದಿಂದ ಶುರು ಮಾಡಿದರಾಯಿತು.

ಈಗ ಒಟ್ಟಿಗೆ ಹೇಳೋಣ. ಬಾಯಿಪಾಠ ಇಲ್ಲದವರು ನನ್ನ ಹಿಂದೆ ಹೇಳಿ. ನಾಲ್ಕು ತುಂಡು ಮಾಡಿ ಹೇಳುತ್ತೇನೆ, ಪ್ರತಿ ತುಂಡಿನ ಕೊನೆಗೆ ಉಸಿರು ತೆಗೆದುಕೊಳ್ಳಿ. ಭ ಹೇಳುವಾಗ ಅಂಗೈಗೆ ಗಾಳಿ ತಾಗಲಿ. ಪಕ್ಕದವರ ದನಿಗಿಂತ ಮೇಲೆ ಹೋಗಬೇಡಿ, ಅವರ ದನಿ ನಿಮಗೆ ಕೇಳಿಸುತ್ತಿರಬೇಕು. ಎರಡನೇ ಸಾಲಿನಲ್ಲಿ ಕೂತಿರುವ ನಮ್ಮ ತಂಗಿ ಮುಂದೆ ಬಂದು ಇವತ್ತಿನ ಹೂವು ಇಡಲಿ. ಹಳೇ ಹೂವನ್ನು ನಾನು ತಟ್ಟೆಯಲ್ಲೇ ಬಿಟ್ಟಿದ್ದೇನೆ, ತೆಗೆಯಬೇಡಮ್ಮಾ.

ನಮೋ ತಸ್ಸ. ಭಗವತೋ. ಅರಹತೋ. ಸಮ್ಮಾಸಂಬುದ್ಧಸ್ಸ.